ಸೆಪ್ಟೆಂಬರ್ ಆರಕ್ಕೆ ಮಗ ಕರೆದಿದ್ದಾನೆ, ಹೋಗಲೇ?

ಪ್ರಶ್ನೆ: ನನಗೆ 54 ವರ್ಷ. ದಾವಣಗೆರೆ ಕಡೆಯ ಸಣ್ಣ ಊರು ನಮ್ಮದು. ನಾನು ಪ್ರೈಮರಿ ಶಾಲೆಯಲ್ಲಿ ಟೀಚರ್. ನಮ್ಮ ಯಜಮಾನರದು ಬೀಜ, ಗೊಬ್ಬರದ ಅಂಗಡಿ. ಮಗಳಿಗೆ ಮದುವೆಯಾಗಿದೆ. ಮಗನಿಗೆ 27, ಬೆಂಗಳೂರಿನಲ್ಲಿ ಕೆಲಸ. ಹೋದ ದೀಪಾವಳಿಗೆ ಊರಿಗೆ ಬಂದಿದ್ದಾಗ, ಅಡುಗೆಮನೆಯಲ್ಲಿ ನಾನೊಬ್ಬಳೇ ಇದ್ದ ಹೊತ್ತು ನೋಡಿ, "ಅಮ್ಮ, ನನಗೆ ಹುಡುಗಿ ನೋಡಬೇಡಿ. ನಾನು ಗೇ" ಅಂದ. ನನಗೆ ಕೈಕಾಲೇ ಆಡಲಿಲ್ಲ. "ಊಟ ಮಾಡು, ಆಮೇಲೆ ಮಾತಾಡೋಣ" ಅಂದೆ. ಆಮೇಲೆ ಮಾತಾಡಲೇ ಇಲ್ಲ. ಅವರಪ್ಪನಿಗೆ ಇದು ಗೊತ್ತಿಲ್ಲ. ಅವರು ಜಾತಕ ಹಿಡಿದು ನಾಲ್ಕು ಕಡೆ ಹೇಳಿಟ್ಟಿದ್ದಾರೆ.

ಈಗ ಮಗ ಫೋನ್ ಮಾಡಿ, ಸೆಪ್ಟೆಂಬರ್ 6ಕ್ಕೆ ಬೆಂಗಳೂರಿಗೆ ಬಾ ಅನ್ನುತ್ತಿದ್ದಾನೆ. ಸುಪ್ರೀಂ ಕೋರ್ಟ್ ತೀರ್ಪು ಬಂದ ದಿನವಂತೆ. ಅವನೂ ಅವನ ಸ್ನೇಹಿತರೂ ವರ್ಷಾವರ್ಷ ಒಂದು ಹಾಲ್‌ನಲ್ಲಿ ಸೇರುತ್ತಾರಂತೆ. ಅದಕ್ಕಾಗಿ ಹೋರಾಡಿದ ಹಿರಿಯರು ಬಂದು ಮಾತಾಡುತ್ತಾರಂತೆ, ಊಟ ಇರುತ್ತದಂತೆ. ಕೆಲವರ ಅಪ್ಪ ಅಮ್ಮಂದಿರೂ ಬರುತ್ತಾರಂತೆ. "ನೀನು ಏನೂ ಮಾತಾಡಬೇಡ, ಬಂದು ಕೂತರೆ ಸಾಕು" ಅನ್ನುತ್ತಾನೆ.

ನನಗೆ ಭಯ. ಇದು ಅಪರಾಧ ಅಲ್ಲವಾ? ಕೋರ್ಟ್ ಮೊದಲು ಒಪ್ಪಿಕೊಂಡು ಆಮೇಲೆ ರದ್ದು ಮಾಡಿತು ಅಂತ ಶಾಲೆಯಲ್ಲಿ ಯಾರೋ ಹೇಳಿದ ನೆನಪು. ಪೊಲೀಸರು ಬಂದರೆ? ಯಾರಾದರೂ ಫೋಟೊ ತೆಗೆದರೆ? ಅಪರಾಧ ಅಲ್ಲ ಅಂತ ಆಗಿದ್ದರೂ ಅದನ್ನು ಹಬ್ಬದ ಹಾಗೆ ಮಾಡುವುದೇಕೆ, ಅವರವರ ಪಾಡಿಗೆ ಸುಮ್ಮನೆ ಬದುಕಬಾರದಾ? ಅವನು ಐದು ತಿಂಗಳ ಕೂಸಾಗಿದ್ದಾಗ ನಮ್ಮಮ್ಮನ ಹತ್ತಿರ ಬಿಟ್ಟು ಕೆಲಸಕ್ಕೆ ಹೋದೆ. ಅದಕ್ಕೇ ಹೀಗಾಯಿತಾ ಅಂತ ರಾತ್ರಿಯೆಲ್ಲ ಯೋಚನೆ, ನಿದ್ದೆ ಇಲ್ಲ. ಇದನ್ನು ವಾಸಿ ಮಾಡುವ ಡಾಕ್ಟರು ಇದ್ದಾರೆ ಅಂತ ಮೊಬೈಲಿನಲ್ಲಿ ನೋಡಿದೆ. ಹೋಗದಿದ್ದರೆ ಮಗ ನೊಂದುಕೊಳ್ಳುತ್ತಾನೆ. ಹೋದರೆ ಯಜಮಾನರಿಗೆ ಸುಳ್ಳು ಹೇಳಬೇಕು. ಏನು ಮಾಡಲಿ?

— ಹೆಸರು ಬೇಡ

ಉತ್ತರ: ಅಕ್ಕಾ, ಹೋಗಿ ಬನ್ನಿ. ಯಾಕೆ ಅಂತ ಹೇಳುತ್ತೇನೆ. ಆದರೆ ಮೊದಲು ಆ ಪೊಲೀಸರ ಭಯವನ್ನು ತೆಗೆದುಬಿಡೋಣ. ಅದು ಎದೆಯಲ್ಲಿ ಕೂತಿರುವ ತನಕ ಬೇರೆ ಯಾವ ಮಾತೂ ಒಳಗೆ ಇಳಿಯುವುದಿಲ್ಲ.

ನಿಮ್ಮ ಮಗ ಅಪರಾಧಿಯಲ್ಲ. 2018ರ ಸೆಪ್ಟೆಂಬರ್ 6ರಂದು ಸುಪ್ರೀಂ ಕೋರ್ಟ್‌ನ ಐವರು ನ್ಯಾಯಮೂರ್ತಿಗಳ ಸಂವಿಧಾನ ಪೀಠ, ವಯಸ್ಸಿಗೆ ಬಂದ ಇಬ್ಬರು ಪರಸ್ಪರ ಒಪ್ಪಿ ಖಾಸಗಿಯಾಗಿ ಇಟ್ಟುಕೊಂಡ ಸಂಬಂಧವನ್ನು ಭಾರತೀಯ ದಂಡ ಸಂಹಿತೆಯ 377ನೇ ಕಲಮಿನಡಿ ಅಪರಾಧ ಎನ್ನುವಂತಿಲ್ಲ ಎಂದು ತೀರ್ಪು ಕೊಟ್ಟಿತು. ಐವರಲ್ಲಿ ಒಬ್ಬರೂ ಭಿನ್ನಮತ ಬರೆಯಲಿಲ್ಲ. 2024ರ ಜುಲೈ 1ರಿಂದ ದಂಡ ಸಂಹಿತೆಯ ಜಾಗಕ್ಕೆ ಭಾರತೀಯ ನ್ಯಾಯ ಸಂಹಿತೆ ಬಂದಿದೆ. ಅದರಲ್ಲಿ ಆ ಕಲಮೇ ಇಲ್ಲ. (ಒಪ್ಪಿಗೆಯಿಲ್ಲದೆ ಗಂಡಸರ ಮೇಲೆ ನಡೆಯುವ ಲೈಂಗಿಕ ದೌರ್ಜನ್ಯಕ್ಕೆ ಆ ಕಲಮಿನಲ್ಲಿದ್ದ ರಕ್ಷಣೆಯೂ ಅದರ ಜೊತೆಗೇ ಹೋಯಿತು. ಅದು ಸರಿಯಾಗಬೇಕಾದ ಲೋಪ. ನಿಮ್ಮ ಪ್ರಶ್ನೆಗೆ ಅದರ ಸಂಬಂಧವಿಲ್ಲ.) ಒಂದು ಹಾಲ್‌ನಲ್ಲಿ ಕೂತು ಒಂದು ತೀರ್ಪಿನ ಬಗ್ಗೆ ಮಾತಾಡುವವರನ್ನು ಹಿಡಿಯಲು ಯಾವ ಪೊಲೀಸರಿಗೂ ಕಾರಣವಿಲ್ಲ. ಆ ತೀರ್ಪಿಗೆ ಸರ್ಕಾರವೇ ವ್ಯಾಪಕ ಪ್ರಚಾರ ಕೊಡಬೇಕು, ಪೊಲೀಸರಿಗೆ ಇದರ ಬಗ್ಗೆ ತಿಳಿವಳಿಕೆ ಕೊಡಬೇಕು ಎಂದು ನ್ಯಾಯಮೂರ್ತಿ ನಾರಿಮನ್ ತಮ್ಮ ಭಾಗದಲ್ಲಿ ಆದೇಶ ಬರೆದಿದ್ದಾರೆ. ಊರೂರಿಗೆ ಆ ಪ್ರಚಾರ ತಲುಪಿದ್ದರೆ ನೀವು ಈ ಪತ್ರದಲ್ಲಿ ಪೊಲೀಸರ ಮಾತು ಬರೆಯುತ್ತಿರಲಿಲ್ಲ.

ಶಾಲೆಯಲ್ಲಿ ನೀವು ಕೇಳಿದ್ದು ಪೂರ್ತಿ ಸುಳ್ಳಲ್ಲ, ಹಳೆಯ ಸುದ್ದಿ. 2009ರ ಜುಲೈ 2ರಂದು ದೆಹಲಿ ಹೈಕೋರ್ಟ್, ಮುಖ್ಯ ನ್ಯಾಯಮೂರ್ತಿ ಎ.ಪಿ. ಶಾ ಮತ್ತು ನ್ಯಾಯಮೂರ್ತಿ ಎಸ್. ಮುರಳೀಧರ್ ಅವರ ಪೀಠ, ಇದು ಅಪರಾಧವಲ್ಲ ಎಂದಿತ್ತು. 2013ರ ಡಿಸೆಂಬರ್ 11ರಂದು ಸುಪ್ರೀಂ ಕೋರ್ಟ್‌ನ ದ್ವಿಸದಸ್ಯ ಪೀಠ ಅದನ್ನು ತಳ್ಳಿಹಾಕಿತು. ನಡುವಿನ ನಾಲ್ಕು ವರ್ಷಗಳಲ್ಲಿ ಧೈರ್ಯ ಮಾಡಿ ಮನೆಯಲ್ಲಿ, ಆಫೀಸಿನಲ್ಲಿ ತಮ್ಮ ವಿಷಯ ಹೇಳಿಕೊಂಡಿದ್ದ ಅದೆಷ್ಟೋ ಮಕ್ಕಳು ಒಂದೇ ಬೆಳಿಗ್ಗೆಯಲ್ಲಿ ಮತ್ತೆ ಅಪರಾಧಿಗಳಾದರು. ಆಗ ನಿಮ್ಮ ಮಗ ಹೈಸ್ಕೂಲು, ಪಿಯುಸಿ ವಯಸ್ಸಿನವನು. ಪೇಪರಿನಲ್ಲಿ ಆ ಸುದ್ದಿ ಓದಿದನೋ ಏನೋ, ಓದಿ ಯಾರಿಗೆ ಹೇಳಿಕೊಂಡನೋ. 2018ರ ತೀರ್ಪು ಅಳಿಸಿಹಾಕಿದ್ದು ಈ 2013ರ ತೀರ್ಪನ್ನೇ. ಇನ್ನೊಂದು ಸುದ್ದಿಯೂ ಇದರೊಳಗೆ ಬೆರೆತಿರಬಹುದು. 2023ರ ಅಕ್ಟೋಬರ್ 17ರಂದು ಸುಪ್ರೀಂ ಕೋರ್ಟ್ ಒಂದೇ ಲಿಂಗದವರ ಮದುವೆಗೆ ಮಾನ್ಯತೆ ಕೊಡಲು ಒಪ್ಪಲಿಲ್ಲ, ಅದು ಸಂಸತ್ತಿಗೆ ಬಿಟ್ಟದ್ದು ಎಂದಿತು. ಅದರಿಂದ 2018ರ ತೀರ್ಪಿಗೆ ಏನೂ ಆಗಿಲ್ಲ. ನಿಮ್ಮ ಮಗ ಯಾರನ್ನಾದರೂ ಪ್ರೀತಿಸಬಹುದು, ಜೊತೆಗೆ ಬಾಳಬಹುದು. ಕಾನೂನಿನ ಪ್ರಕಾರ ಮದುವೆಯಾಗಲು ಇನ್ನೂ ಆಗದು.

ಇನ್ನು ನಿಮ್ಮ ಎರಡನೆಯ ಪ್ರಶ್ನೆ. ಸುಮ್ಮನೆ ಬದುಕಬಾರದಾ, ನೆನೆಯುವ ದಿನ ಯಾಕೆ? ಇದನ್ನು ನನ್ನೆದುರು ಕೂತ ಅನೇಕ ತಾಯಂದಿರು ಕೇಳಿದ್ದಾರೆ. ನನಗೆ ಇದು ಮುಖ್ಯ ಪ್ರಶ್ನೆ ಅನ್ನಿಸುತ್ತದೆ, ಅದಕ್ಕೇ ಸ್ವಲ್ಪ ವಿವರವಾಗಿ ಹೇಳುತ್ತೇನೆ.

377ನೇ ಕಲಂ ನಮ್ಮ ಊರಿನದಲ್ಲ, ನಮ್ಮ ಹಿರಿಯರು ಬರೆದದ್ದೂ ಅಲ್ಲ. ಮೆಕಾಲೆಯ ಆಯೋಗ ಕರಡು ಮಾಡಿದ, 1860ರಲ್ಲಿ ಬ್ರಿಟಿಷರು ಅಂಗೀಕರಿಸಿದ ದಂಡ ಸಂಹಿತೆಯಲ್ಲಿ ಅದು ಬಂತು. ನಿಸರ್ಗದ ನಿಯಮಕ್ಕೆ ವಿರುದ್ಧವಾದ ಸಂಭೋಗ ಎಂದು ಅದರಲ್ಲಿತ್ತು. ಶಿಕ್ಷೆ ಜೀವಾವಧಿಯವರೆಗೂ ಹೋಗಬಹುದಿತ್ತು. 2013ರ ತೀರ್ಪಿನಲ್ಲಿ ನ್ಯಾಯಾಲಯವೇ ಒಂದು ಲೆಕ್ಕ ಕೊಟ್ಟಿತ್ತು: ನೂರೈವತ್ತು ವರ್ಷಗಳಲ್ಲಿ ಈ ಕಲಮಿನಡಿ ವಿಚಾರಣೆಗೆ ಒಳಗಾದವರು, ವರದಿಯಾದ ತೀರ್ಪುಗಳ ಪ್ರಕಾರ, 200ಕ್ಕಿಂತ ಕಡಿಮೆ ಮಂದಿ. ಅಷ್ಟು ಕಡಿಮೆ ಜನರಿಗಾಗಿ ಕಾನೂನು ತೆಗೆಯಬೇಕೇ ಎಂಬುದು ಆ ಲೆಕ್ಕದ ಹಿಂದಿದ್ದ ವಾದ.

ಆದರೆ ಅಕ್ಕಾ, ಆ ಕಾನೂನು ಕೆಲಸ ಮಾಡುತ್ತಿದ್ದದ್ದು ಕೋರ್ಟಿನೊಳಗಲ್ಲ, ಕೋರ್ಟಿನ ಹೊರಗೆ. ಪಾರ್ಕಿನ ಬೆಂಚಿನ ಮೇಲೆ, ಬಸ್ ಸ್ಟ್ಯಾಂಡಿನಲ್ಲಿ, ಲಾಡ್ಜಿನ ಬಾಗಿಲಲ್ಲಿ. "ಸ್ಟೇಷನ್ನಿಗೆ ನಡಿ, ಇಲ್ಲವೇ ಮನೆ ಫೋನ್ ನಂಬರ್ ಕೊಡು, ನಿಮ್ಮಪ್ಪನಿಗೆ ಹೇಳುತ್ತೇನೆ" ಎಂದು ಹೆದರಿಸಿ ಜೇಬು ಖಾಲಿ ಮಾಡಿಸಲು ಕೇಸು ಹಾಕಬೇಕಾಗಿರಲಿಲ್ಲ. ಕಲಂ ಇದೆ ಎಂಬುದಷ್ಟೇ ಸಾಕಿತ್ತು. ಬೆಂಗಳೂರಿನಲ್ಲಿ ಇದು ಹೇಗೆ ನಡೆಯುತ್ತಿತ್ತು ಎಂಬುದನ್ನು ಪೀಪಲ್ಸ್ ಯೂನಿಯನ್ ಫಾರ್ ಸಿವಿಲ್ ಲಿಬರ್ಟೀಸ್‌ನ ಕರ್ನಾಟಕ ಘಟಕ 2001ರಲ್ಲಿ ವರದಿಯಾಗಿ ದಾಖಲಿಸಿತು. ಅಕ್ರಮ ಬಂಧನ, ಹೊಡೆತ, ಸುಲಿಗೆ ಎಲ್ಲವೂ ಅದರಲ್ಲಿವೆ. ಸಿಕ್ಕಿಹಾಕಿಕೊಂಡವರು ಯಾರು? ನೀವು ಹೇಳುವ ಹಾಗೆ ತಮ್ಮ ಪಾಡಿಗೆ ಸುಮ್ಮನೆ ಬದುಕುತ್ತಿದ್ದವರೇ. ಯಾರಿಗೂ ಹೇಳದವರು, ಮನೆಗೆ ಗೊತ್ತಾಗಬಾರದು ಎಂದು ಅಂಜುವವರು. ಅವರ ಮೌನವೇ ಹೆದರಿಸುವವರ ಬಂಡವಾಳವಾಗಿತ್ತು. ಅದೇ ವರ್ಷ ಜುಲೈನಲ್ಲಿ ಲಖನೌದಲ್ಲಿ ಆರಿಫ್ ಜಾಫರ್ ಎಂಬವರನ್ನು ಜೊತೆಗಾರರ ಸಮೇತ ಬಂಧಿಸಿದರು. ಅವರು ಮಾಡುತ್ತಿದ್ದದ್ದು ಎಚ್‌ಐವಿ ತಡೆಗಟ್ಟುವ ಕೆಲಸ. ಆ ಕೆಲಸದ ಸಾಮಗ್ರಿಯನ್ನೇ ಅಪರಾಧದ ಸಾಕ್ಷಿ ಮಾಡಿದರು. 47 ದಿನ ಜೈಲು. ಅದೇ ಆರಿಫ್ ಜಾಫರ್ ಹದಿನೇಳು ವರ್ಷಗಳ ನಂತರ ಸುಪ್ರೀಂ ಕೋರ್ಟ್‌ಗೆ ಅರ್ಜಿದಾರರಾಗಿ ಬಂದರು.

ಯಾರೋ ಕೆಲವರು ಸುಮ್ಮನಿರುವುದನ್ನು ಬಿಟ್ಟದ್ದರಿಂದಲೇ ನಿಮ್ಮ ಮಗ ಇವತ್ತು ಸುಮ್ಮನೆ ಬದುಕಬಹುದು. ಆ ಹಾಲ್‌ನಲ್ಲಿ ಅವರನ್ನೇ ನೆನೆಯುತ್ತಾರೆ. ಅಲ್ಲಿ ಕೇಳಿಬರುವ ಹೆಸರುಗಳು ನಿಮಗೆ ಅಪರಿಚಿತ ಅನ್ನಿಸಬಾರದು ಎಂದು ಕೆಲವನ್ನು ಈಗಲೇ ಪರಿಚಯ ಮಾಡಿಕೊಡುತ್ತೇನೆ.

ದೆಹಲಿಯಲ್ಲಿ ಏಡ್ಸ್ ಭೇದಭಾವ ವಿರೋಧಿ ಆಂದೋಲನ ಎಂಬ ಸಣ್ಣ ಗುಂಪಿತ್ತು. ಹಣವಿಲ್ಲ, ಕಚೇರಿಯಿಲ್ಲ. 1991ರಲ್ಲಿ ಅವರು ಭಾರತದ ಸಲಿಂಗಿಗಳ ಸ್ಥಿತಿಯ ಬಗ್ಗೆ 'ಲೆಸ್ ದ್ಯಾನ್ ಗೇ' ಎಂಬ ವರದಿ ತಂದು, 377ನ್ನು ತೆಗೆಯಿರಿ ಎಂದು ಬಹಿರಂಗವಾಗಿ ಕೇಳಿದರು. 1992ರ ಆಗಸ್ಟ್ 11ರಂದು ದೆಹಲಿ ಪೊಲೀಸ್ ಪ್ರಧಾನ ಕಚೇರಿಯ ಮುಂದೆಯೇ ಪ್ರತಿಭಟನೆಗೆ ನಿಂತರು. ಪೊಲೀಸರ ಹೆಸರು ಕೇಳಿದರೇ ನಡುಗುತ್ತಿದ್ದವರ ಪರವಾಗಿ ಪೊಲೀಸರ ಬಾಗಿಲಿಗೇ ಹೋಗಿ ನಿಂತದ್ದು! ಆ ಗುಂಪಿನ ಸಿದ್ಧಾರ್ಥ ಗೌತಮ್ ಎಂಬ ಯುವ ವಕೀಲ ಕ್ಯಾನ್ಸರಿನಿಂದ 1992ರಲ್ಲೇ ತೀರಿಕೊಂಡರು, 28ನೇ ವಯಸ್ಸಿಗೆ. ನಿಮ್ಮ ಮಗನಿಗಿಂತ ಒಂದು ವರ್ಷ ದೊಡ್ಡವರು. 1994ರಲ್ಲಿ ಆ ಗುಂಪೇ ದೆಹಲಿ ಹೈಕೋರ್ಟಿಗೆ 377ರ ವಿರುದ್ಧ ಮೊದಲ ಅರ್ಜಿ ಹಾಕಿತು. ಆ ಅರ್ಜಿ ದಡ ಸೇರಲಿಲ್ಲ.

2001ರಲ್ಲಿ ಅಂಜಲಿ ಗೋಪಾಲನ್ ಅವರ ನಾಜ್ ಫೌಂಡೇಶನ್ ಮತ್ತೆ ಅರ್ಜಿ ಹಾಕಿತು. ಎಚ್‌ಐವಿ ಪೀಡಿತರ, ಅನಾಥ ಮಕ್ಕಳ ಆರೈಕೆ ಮಾಡುತ್ತಿದ್ದ ಹೆಣ್ಣುಮಗಳು ಆಕೆ. ಅವರ ವಾದ ಸರಳವಾಗಿತ್ತು: ಕಾನೂನಿಗೆ ಹೆದರಿ ಜನ ಅಡಗಿ ಕೂತರೆ ಅವರಿಗೆ ಔಷಧ ತಲುಪಿಸುವುದು ಹೇಗೆ? 2004ರಲ್ಲಿ ಹೈಕೋರ್ಟ್ ಅರ್ಜಿಯನ್ನು ವಜಾ ಮಾಡಿತು. 2006ರಲ್ಲಿ ಸುಪ್ರೀಂ ಕೋರ್ಟ್, ಹಾಗೆ ತಳ್ಳಬೇಡಿ, ಕೇಳಿ ಎಂದು ವಾಪಸು ಕಳಿಸಿತು. 2009ರಲ್ಲಿ ಗೆಲುವು, 2013ರಲ್ಲಿ ಸೋಲು. ಎಂಟು ವರ್ಷ ಹತ್ತಿದ್ದನ್ನು ನಾಲ್ಕೇ ವರ್ಷಕ್ಕೆ ಕೆಳಗೆ ತಳ್ಳಿದರೂ ಅವರು ಬಿಡಲಿಲ್ಲ. ಮರುಪರಿಶೀಲನಾ ಅರ್ಜಿ, ಅದೂ ಹೋದಾಗ ಕ್ಯುರೇಟಿವ್ ಅರ್ಜಿ.

ನಮ್ಮ ರಾಜ್ಯದವರೂ ಇದರಲ್ಲಿ ಹಿಂದೆ ಬಿದ್ದವರಲ್ಲ. 1994ರಲ್ಲೇ ಬೆಂಗಳೂರಿನಲ್ಲಿ 'ಗುಡ್ ಆಸ್ ಯು' ಎಂಬ ಬೆಂಬಲದ ಗುಂಪು ಶುರುವಾಗಿತ್ತು, ನಿಮ್ಮ ಮಗನಂಥವರು ವಾರಕ್ಕೊಮ್ಮೆ ಕೂತು ಮಾತಾಡುವ ಜಾಗ. 1999ರಲ್ಲಿ 'ಸಂಗಮ' ಬಂತು. ಇಂಗ್ಲಿಷ್ ಬಾರದ, ಬಡ, ಸಣ್ಣ ಊರುಗಳ ಲೈಂಗಿಕ ಅಲ್ಪಸಂಖ್ಯಾತರ ಜೊತೆ ಅದು ನಿಂತಿತು. ಆಲ್ಟರ್ನೇಟಿವ್ ಲಾ ಫೋರಂನ ವಕೀಲರು ಬೆಂಗಳೂರಿನಿಂದ ದೆಹಲಿಗೆ ಓಡಾಡಿ ಈ ಮೊಕದ್ದಮೆಗೆ ಹೆಗಲು ಕೊಟ್ಟರು. 2008ರ ಜೂನ್ 29ರಂದು ಬೆಂಗಳೂರಿನ ರಸ್ತೆಯಲ್ಲಿ ಮೊದಲ ಪ್ರೈಡ್ ನಡಿಗೆ ನಡೆಯಿತು. ಕಾನೂನು ಆಗಿನ್ನೂ ವಿರುದ್ಧವಾಗಿಯೇ ಇತ್ತು. ಟಿವಿಯಲ್ಲಿ ನೀವು ನೋಡಿರಬಹುದಾದ ಅಕ್ಕೈ ಪದ್ಮಶಾಲಿ, ರಾಜ್ಯೋತ್ಸವ ಪ್ರಶಸ್ತಿ ಪಡೆದ ಟ್ರಾನ್ಸ್‌ಜೆಂಡರ್ ಹೋರಾಟಗಾರ್ತಿ, 377ರ ವಿರುದ್ಧ ಸುಪ್ರೀಂ ಕೋರ್ಟ್‌ಗೆ ಹೋದವರಲ್ಲಿ ಒಬ್ಬರು. ಅವರ ಪರವಾಗಿ ಅಲ್ಲಿ ವಾದಿಸಿದ ಜಯ್ನಾ ಕೊಠಾರಿ ಕೂಡ ಬೆಂಗಳೂರಿನ ವಕೀಲರೇ.

ಇನ್ನೊಬ್ಬ ಕನ್ನಡಿಗರನ್ನು ಬಿಡುವ ಹಾಗಿಲ್ಲ. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಅವರು ಕೋರ್ಟಿಗೆ ಹೋದದ್ದು ಸಲಿಂಗಿಗಳಿಗಾಗಿ ಅಲ್ಲ, ಆಧಾರ್ ವಿಷಯಕ್ಕೆ, ಅದೂ ಎಂಬತ್ತು ದಾಟಿದ ಮೇಲೆ. ಆ ಮೊಕದ್ದಮೆಯಲ್ಲಿ 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳು ಖಾಸಗಿತನ ಮೂಲಭೂತ ಹಕ್ಕು ಎಂದರು. ಒಬ್ಬರ ಲೈಂಗಿಕ ಒಲವು ಆ ಖಾಸಗಿತನದ ಭಾಗ ಎಂದರು. 2013ರ ತೀರ್ಪು ಇದನ್ನು ನೋಡಿದ ರೀತಿ ಸರಿಯಲ್ಲ ಎಂದೂ ಅದರಲ್ಲೇ ಬರೆದರು. ಮರುವರ್ಷ 377 ಬಿದ್ದದ್ದು ಈ ಅಡಿಪಾಯದ ಮೇಲೆ ನಿಂತ ವಾದದಿಂದ.

2018ರ ತೀರ್ಪಿಗೆ ಹೆಸರು ಬಂದಿರುವುದು ನವತೇಜ್ ಸಿಂಗ್ ಜೋಹರ್ ಅವರಿಂದ. ಭರತನಾಟ್ಯ ಕಲಾವಿದರು. 2016ರಲ್ಲಿ ಅವರೂ ಅವರ ಸಂಗಾತಿ ಪತ್ರಕರ್ತ ಸುನಿಲ್ ಮೆಹ್ರಾ, ಅಡುಗೆಯಲ್ಲಿ ಹೆಸರಾದ ರಿತು ದಾಲ್ಮಿಯಾ, ಅಮನ್ ನಾಥ್, ಆಯೇಷಾ ಕಪೂರ್, ಈ ಐವರು ತಮ್ಮ ಸ್ವಂತ ಹೆಸರಿನಲ್ಲಿ, ಈ ಕಾನೂನಿನಿಂದ ನಮಗೇ ಹಾನಿಯಾಗಿದೆ ಎಂದು ಅರ್ಜಿ ಹಾಕಿದರು. ಅಲ್ಲಿಯವರೆಗೆ ಹೆಚ್ಚಾಗಿ ಸಂಸ್ಥೆಗಳು ಮುಂದೆ ನಿಲ್ಲುತ್ತಿದ್ದವು. ಇದು ಅಪರಾಧವಾಗಿರುವಾಗಲೇ, ನಾನು ಹೀಗಿದ್ದೇನೆ ಎಂದು ದೇಶದ ಅತಿ ದೊಡ್ಡ ನ್ಯಾಯಾಲಯಕ್ಕೆ ಸಹಿ ಮಾಡಿ ಕೊಟ್ಟರೆ ಏನಾಗಬಹುದಿತ್ತು, ಯೋಚಿಸಿ. 2018ರಲ್ಲಿ ಐಐಟಿಗಳಲ್ಲಿ ಓದುತ್ತಿದ್ದ, ಓದಿ ಹೊರಬಂದಿದ್ದ 20 ಮಂದಿಯೂ ಹಾಗೆಯೇ ಸಹಿ ಹಾಕಿದರು. ಯಾರದೋ ಮನೆಯ ಮಕ್ಕಳು. ಅವರ ಅಮ್ಮಂದಿರಿಗೂ ನಿಮ್ಮ ಹಾಗೆ ನಿದ್ದೆ ಬಂದಿರಲಿಕ್ಕಿಲ್ಲ.

ಅಮ್ಮಂದಿರ ಮಾತು ಬಂತು. ಈ ದಿನ ನಿಮ್ಮ ಮಗನದು, ನಿಮಗೂ ಅದಕ್ಕೂ ಏನು ಸಂಬಂಧ ಎಂದು ನೀವು ಅಂದುಕೊಂಡಿದ್ದೀರಿ. ಹಾಗಲ್ಲ. 2009ರ ಗೆಲುವನ್ನು ಪ್ರಶ್ನಿಸಿ ಸುಪ್ರೀಂ ಕೋರ್ಟ್‌ಗೆ ಬಂದವರ ಎದುರು, ಆ ಗೆಲುವನ್ನು ಉಳಿಸಿ ಎಂದು ನಿಂತವರಲ್ಲಿ 19 ಮಂದಿ ಅಪ್ಪ ಅಮ್ಮಂದಿರಿದ್ದರು. ನಮ್ಮ ಮಕ್ಕಳನ್ನು ಅಪರಾಧಿಗಳು ಎಂದು ಕರೆಯುವ ಕಾನೂನು ನಮ್ಮ ಮನೆಯ ನೆಮ್ಮದಿಯನ್ನೂ ಕಿತ್ತುಕೊಳ್ಳುತ್ತದೆ ಎಂಬುದು ಅವರ ವಾದ. ಆ ಅರ್ಜಿಯಲ್ಲಿ ಮೊದಲ ಹೆಸರು ಮಿನ್ನಾ ಸರನ್. ಅವರ ಮಗ ನಿಶಿತ್ ಸರನ್ ಚಲನಚಿತ್ರ ಕಲಿತ ಹುಡುಗ. ತಾನು ಗೇ ಎಂಬುದನ್ನು ಅಮ್ಮನಿಗೆ ಹೇಳುವ ಗಳಿಗೆಯನ್ನೇ ಆತ 'ಸಮ್ಮರ್ ಇನ್ ಮೈ ವೇಯ್ನ್ಸ್' ಎಂಬ ಸಾಕ್ಷ್ಯಚಿತ್ರದಲ್ಲಿ ಹಿಡಿದಿದ್ದಾನೆ. 2002ರಲ್ಲಿ ಒಂದು ರಸ್ತೆ ಅಪಘಾತದಲ್ಲಿ ಆತ ಹೋಗಿಬಿಟ್ಟ. ಆ ತಾಯಿ ಕೋರ್ಟಿಗೆ ಹೋದದ್ದು ಮಗ ಹೋದ ಎಷ್ಟೋ ವರ್ಷಗಳ ಮೇಲೆ. ತೀರ್ಪು ಏನೇ ಬಂದರೂ ತನ್ನ ಮಗನಿಗೆ ಅದರಿಂದ ಏನೂ ಸಿಗುವುದಿಲ್ಲ ಎಂದು ಗೊತ್ತಿದ್ದೂ, ಬೇರೆಯವರ ಮಕ್ಕಳಿಗಾಗಿ ಆಕೆ ನಿಂತರು. ಆ ಬೇರೆಯವರ ಮಕ್ಕಳಲ್ಲಿ ನಿಮ್ಮ ಮಗನೂ ಒಬ್ಬ, ಅಕ್ಕಾ. ಮಿನ್ನಾ ಸರನ್ ಅವರನ್ನು ನಾನು ಭೇಟಿಯಾದವಳಲ್ಲ. ಆದರೆ ನಿಮ್ಮಂಥ ತಾಯಿ ಎದುರಿಗೆ ಬಂದು ಕೂತಾಗಲೆಲ್ಲ ಆ ಹೆಸರನ್ನು ಹೇಳದೆ ಕಳಿಸುವುದಿಲ್ಲ.

2018ರ ತೀರ್ಪು ಕೊಟ್ಟ ಐವರಲ್ಲಿ ಒಬ್ಬರೇ ಮಹಿಳೆ, ನ್ಯಾಯಮೂರ್ತಿ ಇಂದು ಮಲ್ಹೋತ್ರಾ. ಈ ಸಮುದಾಯದವರು ಶತಮಾನಗಳಿಂದ ಅನುಭವಿಸಿದ ಅವಮಾನಕ್ಕೆ, ಬಹಿಷ್ಕಾರಕ್ಕೆ ಪರಿಹಾರ ಇಷ್ಟು ತಡವಾದದ್ದಕ್ಕೆ ಇತಿಹಾಸ ಅವರಲ್ಲೂ ಅವರ ಕುಟುಂಬದವರಲ್ಲೂ ಕ್ಷಮೆ ಕೇಳಬೇಕು ಎಂಬ ಅರ್ಥದ ಮಾತನ್ನು ಅವರು ತಮ್ಮ ತೀರ್ಪಿನಲ್ಲಿ ಬರೆದಿದ್ದಾರೆ. ಅವರ ಕುಟುಂಬದವರಲ್ಲೂ. ರಾತ್ರಿಯೆಲ್ಲ ನಿಮ್ಮನ್ನೇ ನೀವು ಅಪರಾಧಿಯ ಕಟಕಟೆಯಲ್ಲಿ ನಿಲ್ಲಿಸಿಕೊಂಡಿದ್ದೀರಲ್ಲ, ದೇಶದ ಅತ್ಯುನ್ನತ ನ್ಯಾಯಾಲಯ ನಿಮ್ಮನ್ನು ಕ್ಷಮೆಗೆ ಅರ್ಹರ ಸಾಲಿನಲ್ಲಿ ಕೂರಿಸಿದೆ.

ಐದು ತಿಂಗಳ ಕೂಸನ್ನು ಬಿಟ್ಟು ಹೋದದ್ದರಿಂದ ಹೀಗಾಗಲಿಲ್ಲ. ಅಜ್ಜಿಯರ ಮಡಿಲಲ್ಲಿ ಬೆಳೆದ ಮಕ್ಕಳು ಈ ನಾಡಿನ ಮನೆಮನೆಯಲ್ಲಿದ್ದಾರೆ. ಬೆಳೆಸಿದ ರೀತಿಯಿಂದ ಯಾರೂ ಗೇ ಆಗುವುದಿಲ್ಲ, ಬೆಳೆಸಿದ ರೀತಿಯಿಂದ ಯಾರೂ ಅದರಿಂದ ಹೊರಗೆ ಬರುವುದೂ ಇಲ್ಲ. ನೀವು ಬೆಳೆಸಿದ್ದರಿಂದ ಆದದ್ದು ಬೇರೆ: ಇಂಥ ಮಾತನ್ನು ಅಮ್ಮನಿಗೆ ಹೇಳಬಹುದು ಎಂಬ ನಂಬಿಕೆ ಅವನಲ್ಲಿ ಹುಟ್ಟಿತು.

ವಾಸಿ ಮಾಡುವ ಡಾಕ್ಟರರ ಬಾಗಿಲಿಗೆ ದಯವಿಟ್ಟು ಹೋಗಬೇಡಿ, ಅವನನ್ನೂ ಕರೆದೊಯ್ಯಬೇಡಿ. ಇದು ಕಾಯಿಲೆಯಲ್ಲ. ವಿಶ್ವ ಆರೋಗ್ಯ ಸಂಸ್ಥೆ 1990ರ ಮೇ 17ರಂದೇ ಇದನ್ನು ರೋಗಗಳ ಪಟ್ಟಿಯಿಂದ ತೆಗೆಯುವ ತೀರ್ಮಾನ ಮಾಡಿತು. ನಮ್ಮ ದೇಶದ ಮನೋವೈದ್ಯರ ಸಂಘ 2018ರಲ್ಲಿ ಅದನ್ನೇ ಹೇಳಿತು. ಸುಪ್ರೀಂ ಕೋರ್ಟ್‌ನಲ್ಲಿ ಅಪ್ಪ ಅಮ್ಮಂದಿರ ಪಕ್ಕದಲ್ಲೇ ಮಾನಸಿಕ ಆರೋಗ್ಯ ತಜ್ಞರ ಗುಂಪೊಂದು ನಿಂತು, ಈ ಕಾನೂನು ಮನಸ್ಸುಗಳನ್ನು ಹೇಗೆ ಮುರಿಯುತ್ತಿದೆ ಎಂದು ವಿವರಿಸಿತ್ತು. ಆ ಅರ್ಜಿಯ ಮೊದಲ ಹೆಸರು ಬೆಂಗಳೂರಿನ ನಿಮ್ಹಾನ್ಸ್‌ನ ಡಾ. ಶೇಖರ್ ಶೇಷಾದ್ರಿ ಅವರದು. ಒಲವನ್ನು ಬದಲಿಸುತ್ತೇವೆ ಎಂದು ನಡೆಸುವ ಚಿಕಿತ್ಸೆ ವೃತ್ತಿಪರ ದುರ್ನಡತೆ ಎಂದು ರಾಷ್ಟ್ರೀಯ ವೈದ್ಯಕೀಯ ಆಯೋಗ 2022ರಲ್ಲಿ ರಾಜ್ಯಗಳ ವೈದ್ಯಕೀಯ ಮಂಡಳಿಗಳಿಗೆ ಬರೆದಿದೆ. ಆ ಚಿಕಿತ್ಸೆ ಮಾಡುತ್ತೇನೆ ಎನ್ನುವವರು ಕೊಡುವುದು ಬರೀ ಗಾಯ.

ಈಗ ಮನೆಯ ವಿಷಯ. ಮೊದಲು ಆ ಜಾತಕ ನಿಲ್ಲಬೇಕು. ಮದುವೆ ಮಾಡಿದರೆ ಸರಿಹೋಗುತ್ತಾನೆ ಎಂಬ ಆಸೆ ನಿಮ್ಮ ಮನಸ್ಸಿನ ಮೂಲೆಯಲ್ಲೂ ಇರಬಹುದು, ಪತ್ರದಲ್ಲಿ ಬರೆದಿಲ್ಲ. ಹಾಗೆ ಮದುವೆಯಾಗಿ ಬಂದ ಹೆಣ್ಣುಮಕ್ಕಳನ್ನು ನಾನು ಕಂಡಿದ್ದೇನೆ. ತನ್ನಲ್ಲೇ ಏನೋ ಕೊರತೆಯಿದೆ ಎಂದು ವರ್ಷಗಟ್ಟಲೆ ಕೊರಗಿದವರು. ನಿಮಗೂ ಮಗಳಿದ್ದಾಳೆ. ಅವಳನ್ನು ಅಂಥ ಮನೆಗೆ ಕೊಡುತ್ತಿದ್ದಿರಾ? ಯಜಮಾನರಿಗೆ ಸದ್ಯಕ್ಕೆ ಇಷ್ಟು ಹೇಳಿದರೆ ಸಾಕು: "ಅವನು ನನ್ನ ಹತ್ತಿರ ಮದುವೆ ಬೇಡ ಎಂದಿದ್ದಾನೆ. ಅವನನ್ನು ಕೇಳದೆ ಯಾರಿಗೂ ಮಾತು ಕೊಡಬೇಡಿ." ಇದರಲ್ಲಿ ಸುಳ್ಳಿಲ್ಲ. ಬೆಂಗಳೂರಿಗೆ ಹೊರಡುವಾಗ "ಮಗ ಕರೆದಿದ್ದಾನೆ, ನೋಡಿಕೊಂಡು ಬರುತ್ತೇನೆ" ಎನ್ನಿ. ಅದರಲ್ಲೂ ಸುಳ್ಳಿಲ್ಲ.

ಉಳಿದದ್ದನ್ನು ಅವರಿಗೆ ಹೇಳುವುದು ನಿಮ್ಮ ಕೆಲಸವಲ್ಲ. ಅದು ಮಗನ ಮಾತು. ಯಾವಾಗ ಹೇಳಬೇಕು, ತಾನೇ ಹೇಳಬೇಕೋ ನೀವು ಪಕ್ಕದಲ್ಲಿರಬೇಕೋ ಎಂಬುದನ್ನು ಅವನನ್ನೇ ಕೇಳಿ. ಅಪ್ಪನಿಗೆ ಸಿಟ್ಟು ಬರಬಹುದು, ತಿಂಗಳುಗಟ್ಟಲೆ ಮಾತು ಬಿಡಬಹುದು. ಅವರ ದುಃಖಕ್ಕೂ ಸಮಯ ಬೇಕು, ನಿಮಗೆ ಬೇಕಾದ ಹಾಗೆಯೇ. ಆದರೆ ಆ ಸಿಟ್ಟನ್ನು ಮಗನ ಪರವಾಗಿ ನೀವೇ ಮುಂಚಿತವಾಗಿ ಹೊತ್ತುಕೊಳ್ಳಬೇಡಿ. ತನ್ನ ಕಾಲ ಮೇಲೆ ತಾನು ನಿಂತಿರುವ ಮಗ ಅವನು.

ಹಾಲ್‌ನಲ್ಲಿ ಫೋಟೊ ಬೇಡ ಎಂದು ಮೊದಲೇ ಅವನಿಗೆ ಹೇಳಿಡಿ. ಹೇಳದೆಯೇ ಒಬ್ಬರ ವಿಷಯ ಊರಿಗೆ ತಿಳಿದರೆ ಏನಾಗುತ್ತದೆ ಎಂಬುದು ಅಲ್ಲಿರುವವರಷ್ಟು ಬೇರೆ ಯಾರಿಗೂ ಗೊತ್ತಿಲ್ಲ. ನಿಮ್ಮ ಮಾತಿಗೆ ಅಲ್ಲಿ ಬೆಲೆ ಇರುತ್ತದೆ. ಯಾರಾದರೂ ಮೈಕ್ ಕೊಟ್ಟರೆ ಕೈಮುಗಿದು ಬೇಡ ಎನ್ನಿ, ತಪ್ಪಿಲ್ಲ. ಬೇರೆ ಅಮ್ಮಂದಿರ ಪಕ್ಕದಲ್ಲಿ ಕೂತುಕೊಳ್ಳಿ. ನಾನು ನಿಮಗೆ ಇಷ್ಟುದ್ದ ಬರೆದು ಕೊಡಲಾಗದ ಧೈರ್ಯವನ್ನು ಅವರು ಕಾಫಿ ಕುಡಿಯುತ್ತಾ ಕೊಟ್ಟುಬಿಡುತ್ತಾರೆ. 'ಸ್ವೀಕಾರ್' ಎಂಬ ಇಂಥ ಪೋಷಕರದೇ ಒಂದು ಬಳಗ ದೇಶದಲ್ಲಿದೆ. 2023ರಲ್ಲಿ ಮದುವೆಯ ಮೊಕದ್ದಮೆ ನಡೆಯುತ್ತಿದ್ದಾಗ, ನಮ್ಮ ಮಕ್ಕಳ ಮದುವೆಯನ್ನು ಕಣ್ಣಾರೆ ನೋಡಬೇಕು ಎಂದು ಅವರು ಮುಖ್ಯ ನ್ಯಾಯಮೂರ್ತಿಗಳಿಗೇ ಕಾಗದ ಬರೆದವರು.

ಹಿಂದಿನ ದಿನವೇ ಹೋಗಿ ಅವನ ರೂಮಿನಲ್ಲಿ ಒಂದು ರಾತ್ರಿ ಉಳಿಯಲು ಆಗುತ್ತದೆಯೇ ನೋಡಿ. ಆಮೇಲೆ ಮಾತಾಡೋಣ ಎಂದು ನೀವೇ ಹೇಳಿದ್ದಿರಿ, ಅವನು ಅಂದಿನಿಂದ ಕಾಯುತ್ತಿದ್ದಾನೆ. ಯಾಕೆ ಹೀಗೆ ಎಂದು ಕೇಳಬೇಡಿ, ಅದಕ್ಕೆ ಅವನಲ್ಲೂ ಉತ್ತರವಿಲ್ಲ, ಯಾರಲ್ಲೂ ಇಲ್ಲ. ನಿನಗೆ ಯಾವಾಗ ಗೊತ್ತಾಯಿತು, ಆಗ ಯಾರ ಹತ್ತಿರ ಹೇಳಿಕೊಂಡೆ, ಹಾಸ್ಟೆಲಿನಲ್ಲಿ ಯಾರಾದರೂ ಕಾಡಿದರಾ, ಈಗ ನಿನ್ನವರು ಅಂತ ಯಾರಾದರೂ ಇದ್ದಾರಾ, ಇಷ್ಟು ಕೇಳಿ. ಬಾಯಿ ಬಿಟ್ಟು ಕೇಳಲು ಸಂಕೋಚವಾದರೆ ಹೋಗುವ ಮೊದಲು ವಸುಧೇಂದ್ರ ಅವರ 'ಮೋಹನಸ್ವಾಮಿ' ಕಥಾಸಂಕಲನ ಓದಿ. 2013ರಲ್ಲಿ ಬಂದ ಪುಸ್ತಕ. ನಮ್ಮದೇ ಊರುಗಳ, ನಮ್ಮದೇ ಭಾಷೆಯ ಒಬ್ಬ ಗೇ ಹುಡುಗನ ಬದುಕು ಅದರಲ್ಲಿದೆ. ಕೆಲವು ಕಡೆ ಓದಲು ಕಷ್ಟವಾಗುತ್ತದೆ. ಆದರೂ ಓದಿ. ಓದಿದೆ ಎಂದು ಮಗನಿಗೆ ಹೇಳಿ.

ನಿಮಗೆ ಭಯವಾಗುವ ಒಂದು ವಿಷಯ ಬಾಕಿಯಿದೆ, ಅದನ್ನೂ ಮುಚ್ಚಿಡುವುದಿಲ್ಲ. ಕಾನೂನು ಬದಲಾದ ಮಾತ್ರಕ್ಕೆ ಬಾಡಿಗೆ ಮನೆ ಕೊಡುವವರು, ಮೇಲಧಿಕಾರಿಗಳು, ನೆಂಟರು ಬದಲಾಗಿಲ್ಲ. 2009ರ ತೀರ್ಪಿನಿಂದ ಇದು ಅಪರಾಧವಾಗಿರದಿದ್ದ ಕಾಲದಲ್ಲೇ, 2010ರಲ್ಲಿ, ಅಲಿಗಢದ ವಿಶ್ವವಿದ್ಯಾಲಯದಲ್ಲಿ ಮರಾಠಿ ಕಲಿಸುತ್ತಿದ್ದ ಪ್ರೊಫೆಸರ್ ರಾಮಚಂದ್ರ ಸಿರಾಸ್ ಅವರ ಮನೆಗೆ ಕ್ಯಾಮೆರಾ ಹಿಡಿದವರು ನುಗ್ಗಿದರು. ಅಮಾನತಾಯಿತು. ಹೈಕೋರ್ಟ್ ಅವರ ಪರ ಆದೇಶ ಕೊಟ್ಟಿತು. ಕೆಲವೇ ದಿನಗಳಲ್ಲಿ ಅವರು ತಮ್ಮ ಮನೆಯಲ್ಲಿ ಸತ್ತು ಬಿದ್ದದ್ದು ಕಂಡಿತು. ಕೋರ್ಟ್ ಜೊತೆಗಿತ್ತು, ಮನುಷ್ಯರು ಯಾರೂ ಇರಲಿಲ್ಲ. ನಿಮ್ಮ ಮಗ ಕರೆಯುತ್ತಿರುವುದು ಇದಕ್ಕೇ. ಕಾನೂನು ಮಾಡಬೇಕಾದದ್ದನ್ನು ಬಹುಮಟ್ಟಿಗೆ ಮಾಡಿದೆ, ಇನ್ನುಳಿದ ಪಾಲು ನಿಮ್ಮದು. ಅವನ ಉಳಿತಾಯ ಖಾತೆಗೆ, ವಿಮೆಗೆ ನಾಮಿನಿ ಯಾರು, ಆಸ್ಪತ್ರೆಗೆ ಸೇರಿದರೆ ಯಾರಿಗೆ ಫೋನ್ ಹೋಗಬೇಕು ಎಂಬುದನ್ನೂ ಕೂತು ಮಾತಾಡಿ. ಮದುವೆಯ ಕಾನೂನಿನ ರಕ್ಷೆ ಇಲ್ಲದವರು ಇಂಥ ಕಾಗದಗಳನ್ನು ಬೇಗ ಸರಿಮಾಡಿಟ್ಟುಕೊಳ್ಳುವುದು ಒಳ್ಳೆಯದು.

ಕೊನೆಯದಾಗಿ ನಿಮ್ಮ ನಿದ್ದೆ. ಸರಿಯಾಗಿ ಮಲಗದ ರಾತ್ರಿಗಳು ವಾರಗಟ್ಟಲೆ ಮುಂದುವರಿದರೆ, ಊಟ ಸೇರದಿದ್ದರೆ, ಶಾಲೆಯಲ್ಲಿ ಮನಸ್ಸು ನಿಲ್ಲದಿದ್ದರೆ ಅದನ್ನು ಮಗನ ವಿಷಯದ ಜೊತೆ ಗಂಟು ಹಾಕಿ ಸಹಿಸಿಕೊಂಡಿರಬೇಡಿ. ಟೆಲಿ ಮಾನಸ್ ಸಹಾಯವಾಣಿಯ ಸಂಖ್ಯೆ 14416. ಸರ್ಕಾರದ್ದು, ಹಣ ಕೊಡಬೇಕಾಗಿಲ್ಲ, ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು. ಯಜಮಾನರು ಅಂಗಡಿಗೆ ಹೋದ ಮೇಲೆ ಮಾಡಿ. ನಿಮ್ಮ ಬಗ್ಗೆ ಮಾತ್ರ ಮಾತಾಡಿದರೂ ಸಾಕು, ಮಗನ ಹೆಸರು ಹೇಳಬೇಕೆಂದೇನೂ ಇಲ್ಲ.